ಹ್ಯಾಮ್ಲೆಟ್ ಕೊಳ್ಳುವ ಮುನ್ನ: ಯಾವ ಆವೃತ್ತಿ, ಯಾವ ಗೈಡ್

ಗೈಡಿನಲ್ಲಿದೆ, ಪುಸ್ತಕದಲ್ಲಿಲ್ಲ. ಶಿರಸಿ ಇರಲಿ, ಕುಮಟಾ ಇರಲಿ, ಕಾರವಾರ ಇರಲಿ, ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡ ಮಕ್ಕಳು ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕ ಓದಲು ಕೂತರೆ ಬರುವ ಮೊದಲ ದೂರು ಇದೇ. ನಾಲ್ಕನೇ ಅಂಕದ ನಾಲ್ಕನೇ ದೃಶ್ಯದಲ್ಲಿ ಪೋಲೆಂಡಿನ ಕಡೆ ಹೊರಟ ನಾರ್ವೆಯ ರಾಜಕುಮಾರ ಫೋರ್ಟಿನ್‌ಬ್ರಾಸ್‌ನ ಸೈನ್ಯವನ್ನು ಕಂಡು ಹ್ಯಾಮ್ಲೆಟ್ ತನ್ನನ್ನೇ ಹಳಿದುಕೊಳ್ಳುತ್ತಾನೆ. ‘ಹೌ ಆಲ್ ಅಕೇಶನ್ಸ್ ಡು ಇನ್‌ಫಾರ್ಮ್ ಅಗೇನ್ಸ್ಟ್ ಮೀ’ ಎಂದು ಶುರುವಾಗುವ ಆ ಸ್ವಗತಕ್ಕೆ ಗೈಡು ಎರಡು ಪುಟ ಮೀಸಲಿಟ್ಟಿರುತ್ತದೆ. ಕೈಯಲ್ಲಿರುವ ಆಕ್ಸ್‌ಫರ್ಡ್ ಆವೃತ್ತಿ ತೆರೆದರೆ ಆ ದೃಶ್ಯ ಎಂಟೊಂಬತ್ತು ಸಾಲಿಗೇ ಮುಗಿದು, ಒಫೀಲಿಯಾಳ ಹುಚ್ಚಿನ ದೃಶ್ಯ ಬಂದುಬಿಡುತ್ತದೆ. ಪುಟ ಹರಿದಿಲ್ಲ, ಮುದ್ರಣದ ತಪ್ಪೂ ಅಲ್ಲ. ಆ ಸ್ವಗತ ಪುಸ್ತಕದ ಕೊನೆಯ ಅನುಬಂಧದಲ್ಲಿದೆ. ಸಂಪಾದಕರು ಬೇಕೆಂದೇ ಅಲ್ಲಿಟ್ಟಿದ್ದಾರೆ.

ಹೀಗಾಗಿ ಅಂಗಡಿಯಲ್ಲಿ ‘ಹ್ಯಾಮ್ಲೆಟ್ ಕೊಡಿ’ ಎಂದರೆ ಸಾಲದು. ಯಾವ ಹ್ಯಾಮ್ಲೆಟ್ ಎಂದು ಕೇಳಬೇಕು, ಗೈಡು ಅದಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು.

ಶೇಕ್ಸ್‌ಪಿಯರನ ಕೈಬರಹದ ಪ್ರತಿ ಉಳಿದಿಲ್ಲ. ಉಳಿದಿರುವುದು ಮೂರು ಮುದ್ರಿತ ಪಾಠ, ಅಂದರೆ ನಾಟಕದ ಮೂರು ರೂಪ. 1603ರ ಮೊದಲ ಕ್ವಾರ್ಟೊ (ಹಾಳೆಯನ್ನು ಎರಡು ಸಲ ಮಡಿಸಿ ಮಾಡಿದ ಸಣ್ಣ ಆಕಾರದ ಪುಸ್ತಕ) ತೀರ ಚಿಕ್ಕದು, ಸುಮಾರು 2,200 ಸಾಲು. 1604-05ರ ಎರಡನೇ ಕ್ವಾರ್ಟೊ ಎಲ್ಲಕ್ಕಿಂತ ಉದ್ದ, ಸುಮಾರು 3,800 ಸಾಲು. ‘ಮೊದಲಿದ್ದುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗಿಸಿದ್ದು, ನಿಜವಾದ ಪ್ರತಿಯಂತೆ ಅಚ್ಚಾದದ್ದು’ ಎಂದು ಅದರ ಮುಖಪುಟವೇ ಹೇಳಿಕೊಳ್ಳುತ್ತದೆ. ಮೂರನೆಯದು ನಾಟಕಕಾರ ಸತ್ತು ಏಳು ವರ್ಷವಾದ ಮೇಲೆ, 1623ರಲ್ಲಿ ಬಂದ ಫೋಲಿಯೊ, ಅವನ ನಾಟಕಗಳನ್ನು ಸೇರಿಸಿದ ದೊಡ್ಡ ಆಕಾರದ ಸಂಪುಟ. ಅದರಲ್ಲಿ ಎರಡನೇ ಕ್ವಾರ್ಟೊದ ಸುಮಾರು 230 ಸಾಲು ಇಲ್ಲ, ಬದಲಿಗೆ ಕ್ವಾರ್ಟೊದಲ್ಲಿ ಇಲ್ಲದ 70-80 ಸಾಲು ಇವೆ. ನಾಟಕ ರಾಣಿ ಎಲಿಜಬೆತ್‌ಳ ಕಾಲದ್ದೇ. ಲಂಡನ್ನಿನ ಪುಸ್ತಕ ವ್ಯಾಪಾರಿಗಳ ದಾಖಲೆಯಲ್ಲಿ 1602ರ ಜುಲೈ 26ರಂದು ಅದರ ಹೆಸರು ನೋಂದಣಿಯಾಗಿದೆ, ರಾಣಿ ತೀರಿಕೊಂಡದ್ದು 1603ರ ಮಾರ್ಚಿನಲ್ಲಿ.

ಮೊದಲ ಕ್ವಾರ್ಟೊ 1823ರವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗಲೂ ಇರುವುದು ಎರಡೇ ಪ್ರತಿ. ಒಂದಕ್ಕೆ ಮುಖಪುಟ ಇಲ್ಲ, ಇನ್ನೊಂದಕ್ಕೆ ಕೊನೆಯ ಹಾಳೆ ಇಲ್ಲ. ಅದರಲ್ಲಿ ಒಫೀಲಿಯಾಳ ತಂದೆ ಪೊಲೋನಿಯಸ್‌ನ ಹೆಸರು ಕೊರಾಂಬಿಸ್. ‘ಟು ಬಿ ಆರ್ ನಾಟ್ ಟು ಬಿ’ ಆದ ಮೇಲೆ ‘ಆಯ್ ದೇರ್ಸ್ ದಿ ಪಾಯಿಂಟ್’ ಎಂದಿದೆ. ಓದಿದರೆ ನಗು ಬರುತ್ತದೆ, ಆದರೆ ಕಥೆ ಓಡುವ ವೇಗ ಮಾತ್ರ ಮೆಚ್ಚುವಂಥದ್ದು. ಅದು ಹುಟ್ಟಿದ ಬಗೆಯ ಬಗ್ಗೆ ಒಂದು ವಾದ ಹೀಗಿದೆ: ಕಾವಲುಗಾರ ಮಾರ್ಸೆಲಸ್‌ನ ಪಾತ್ರ ಮಾಡಿದ ನಟನೊಬ್ಬ ಇಡೀ ನಾಟಕವನ್ನು ನೆನಪಿನಿಂದ ಬರೆಸಿದ. ಮಾರ್ಸೆಲಸ್ ರಂಗದ ಮೇಲಿದ್ದಾಗ ಮಾತುಗಳು ಉಳಿದ ಎರಡು ಪಾಠಗಳಿಗೆ ಸರಿಯಾಗಿ ಹೊಂದುತ್ತವೆ, ಅವನಿಲ್ಲದ ಕಡೆ ಅಡ್ಡಾದಿಡ್ಡಿ. ನಮ್ಮ ಹೊನ್ನಾವರದ ಕಡೆ ತಾಳಮದ್ದಳೆ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿದುರನ ಅರ್ಥ ಹೇಳಿದವನ ಹತ್ತಿರ ಸಂಧಾನದ ಪ್ರಸಂಗವನ್ನು ಪೂರ್ತಿ ಬರೆದುಕೊಡು ಎಂದರೆ ವಿದುರನ ಮಾತು ಚೊಕ್ಕ ಬರುತ್ತದೆ, ಕೌರವನದ್ದು ನೆನಪಿದ್ದಷ್ಟು. ಈ ವಾದವನ್ನು ಇಂದು ಎಲ್ಲರೂ ಒಪ್ಪುವುದಿಲ್ಲ. ಅದನ್ನು ಇತ್ಯರ್ಥವಾದ ಸಂಗತಿಯೆಂದು ಬರೆದ ಗೈಡು ಹಳೆಯದು ಎಂದು ತಿಳಿಯಬಹುದು.

ಇನ್ನು ಅಂಗಡಿಯಲ್ಲಿ, ಇಲ್ಲವೇ ಆನ್‌ಲೈನಿನ ಮಾದರಿ ಪುಟಗಳಲ್ಲಿ ಪರೀಕ್ಷೆ ಮಾಡುವ ಬಗೆ. ಮುನ್ನುಡಿ ಓದುತ್ತ ಕೂರಬೇಡಿ, ನಾಲ್ಕು ಜಾಗ ತೆರೆದು ನೋಡಿದರೆ ಸಾಕು.

ಮೊದಲು ಒಂದನೇ ಅಂಕದ ಎರಡನೇ ದೃಶ್ಯ, ಹ್ಯಾಮ್ಲೆಟ್‌ನ ಮೊದಲ ಸ್ವಗತದ ಮೊದಲ ಸಾಲು. ಅಲ್ಲಿ ‘ಫ್ಲೆಶ್’ ಪದದ ಹಿಂದೆ ಏನಿದೆ ನೋಡಿ. ‘ಸಾಲಿಡ್’ ಇದ್ದರೆ ಫೋಲಿಯೊದ ಪಾಠ. ‘ಸ್ಯಾಲೀಡ್’ ಇದ್ದರೆ ಎರಡನೇ ಕ್ವಾರ್ಟೊವನ್ನು ಇದ್ದ ಹಾಗೇ ಇಟ್ಟುಕೊಂಡಿದ್ದಾರೆ. ‘ಸಲ್ಲೀಡ್’ ಇದ್ದರೆ ಸಂಪಾದಕರು ಕ್ವಾರ್ಟೊವನ್ನು ತಿದ್ದಿ ‘ಮಲಿನ’ ಎಂಬ ಅರ್ಥ ತಂದಿದ್ದಾರೆ. ಆದರೆ ಇದೊಂದನ್ನೇ ನೆಚ್ಚಬೇಡಿ. ಹತ್ತೊಂಬತ್ತನೇ ಶತಮಾನದ ಆವೃತ್ತಿಗಳು ಎರಡನ್ನೂ ಕಲಸಿ, ಈ ಜಾಗದಲ್ಲಿ ಮಾತ್ರ ‘ಸಾಲಿಡ್’ ಉಳಿಸಿಕೊಂಡಿವೆ.

ಅದಕ್ಕೇ ಎರಡನೆಯದಾಗಿ ಎರಡನೇ ಅಂಕದ ಎರಡನೇ ದೃಶ್ಯದಲ್ಲಿ ‘ಡೆನ್ಮಾರ್ಕ್ಸ್ ಎ ಪ್ರಿಸನ್’ (ಡೆನ್ಮಾರ್ಕ್ ಒಂದು ಜೈಲು) ಹುಡುಕಿ. ಈ ಭಾಗ ಫೋಲಿಯೊದಲ್ಲಿ ಮಾತ್ರ ಇದೆ. ಅದೇ ದೃಶ್ಯದಲ್ಲಿ ಬಾಲನಟರ ಕಂಪನಿಗಳನ್ನು ಗೇಲಿ ಮಾಡುವ ಮಾತೂ ಎರಡನೇ ಕ್ವಾರ್ಟೊದಲ್ಲಿಲ್ಲ. ಮೂರನೆಯದು ಆಗ ಹೇಳಿದ ನಾಲ್ಕನೇ ಅಂಕದ ಸ್ವಗತ, ಅದು ಎರಡನೇ ಕ್ವಾರ್ಟೊದಲ್ಲಿ ಮಾತ್ರ ಇರುವುದು. ಜೈಲೂ ಇದೆ, ಸ್ವಗತವೂ ಇದೆ ಎಂದರೆ ಅದು ಎರಡನ್ನೂ ಕೂಡಿಸಿದ ಆವೃತ್ತಿ. ಜೈಲು ಇದ್ದು ಸ್ವಗತ ಅನುಬಂಧಕ್ಕೆ ಹೋಗಿದ್ದರೆ ಫೋಲಿಯೊ. ಸ್ವಗತ ಇದ್ದು ಜೈಲು ಅನುಬಂಧದಲ್ಲಿದ್ದರೆ ಎರಡನೇ ಕ್ವಾರ್ಟೊ.

ನಾಲ್ಕನೆಯದು ಬೇರೆ ಬಗೆಯ ಪರೀಕ್ಷೆ. ಮೂರನೇ ಅಂಕದ ಎರಡನೇ ದೃಶ್ಯದಲ್ಲಿ, ನಾಟಕದೊಳಗಿನ ನಾಟಕ ಶುರುವಾಗುವ ಮೊದಲು, ಹ್ಯಾಮ್ಲೆಟ್ ಒಫೀಲಿಯಾಳ ಕಾಲ ಬಳಿ ಕೂತು ಆಡುವ ಪೋಲಿ ಮಾತುಗಳಿವೆ. ‘ಕಂಟ್ರಿ ಮ್ಯಾಟರ್ಸ್’ ಎಂಬ ಶ್ಲೇಷೆ ಅಲ್ಲಿ ಇಲ್ಲದಿದ್ದರೆ ಅದು ಶಾಲೆಗೆಂದು ಕತ್ತರಿಸಿದ ಪ್ರತಿ. ಹಳೆಯ ಶಾಲಾ ಆವೃತ್ತಿಗಳಲ್ಲಿ ಇಂಥ ಕತ್ತರಿ ಸಾಮಾನ್ಯ, ಕತ್ತರಿಸಿದ್ದೇವೆ ಎಂದು ಎಲ್ಲರೂ ಬಾಯಿಬಿಟ್ಟು ಹೇಳುವುದಿಲ್ಲ. ಪಿಯುಸಿಗೆ ಅದು ನಡೆದೀತು. ಎಂ.ಎ.ಗೆ ಒಫೀಲಿಯಾಳ ಹುಚ್ಚಿನ ಹಾಡುಗಳ ಬಗ್ಗೆ ಬರೆಯುವಾಗ ಈ ಮಾತುಗಳಿಲ್ಲದೆ ವಾದಕ್ಕೆ ಬುಡವೇ ಇರುವುದಿಲ್ಲ.

ಈಗ ಒಂದೊಂದು ಆವೃತ್ತಿ. ಬಿ.ಎ. ವಿದ್ಯಾರ್ಥಿಗೆ ಒಂದೇ ಪುಸ್ತಕ ಎಂದರೆ ನಾನು ಹೇಳುವುದು ಫೋಲ್ಜರ್. ಬಾರ್ಬರಾ ಮೋವಟ್ ಮತ್ತು ಪಾಲ್ ವೆರ್ಸ್ಟೈನ್ ಸಂಪಾದಿಸಿದ್ದು, ಮೊದಲು ಬಂದದ್ದು 1992ರಲ್ಲಿ. ಬಲಪುಟದಲ್ಲಿ ನಾಟಕ, ಎಡಪುಟದಲ್ಲಿ ಅದರ ಟಿಪ್ಪಣಿ. ಕಣ್ಣು ಕೆಳಗೆ ಮೇಲೆ ಓಡಾಡಬೇಕಿಲ್ಲ, ಹಿಂದಿನ ಪುಟ ಹುಡುಕಬೇಕಿಲ್ಲ. ಅದರ ನಿಜವಾದ ಬೆಲೆ ಇರುವುದು ಆವರಣ ಚಿಹ್ನೆಗಳಲ್ಲಿ. ಚೌಕ ಆವರಣದೊಳಗಿನ ಸಾಲು ಎರಡನೇ ಕ್ವಾರ್ಟೊದ್ದು ಮಾತ್ರ, ಮೊನಚು ಆವರಣದೊಳಗಿನದು ಫೋಲಿಯೊದ್ದು ಮಾತ್ರ, ಅರ್ಧ ಆವರಣದ್ದು ಸಂಪಾದಕರ ತಿದ್ದುಪಡಿ. ಬಹಳ ಮಕ್ಕಳು ಈ ಚಿಹ್ನೆಗಳನ್ನು ಅಲಂಕಾರ ಎಂದುಕೊಂಡು ದಾಟಿಬಿಡುತ್ತಾರೆ. ಮೊದಲ ದಿನವೇ ಮೂರು ಬಣ್ಣದ ಪೆನ್ಸಿಲ್ ಹಿಡಿದು ಅಂಚಿನಲ್ಲಿ ಗೆರೆ ಎಳೆದುಕೊಂಡರೆ ಪಾಠಾಂತರದ ಪ್ರಶ್ನೆಗೆ ಬೇರೆ ತಯಾರಿ ಬೇಕಿಲ್ಲ.

ಆರ್ಡನ್ ಎಂದರೆ ಒಂದೇ ಪುಸ್ತಕ ಎಂದು ತಿಳಿದು ಮೋಸ ಹೋಗುವವರು ಹೆಚ್ಚು. ಎಡ್ವರ್ಡ್ ಡೌಡನ್ ಸಂಪಾದಿಸಿದ 1899ರದ್ದು ಮೊದಲ ಮಾಲೆ, ಆ ಮಾಲೆಯ ಮೊದಲ ಪುಸ್ತಕವೇ ಹ್ಯಾಮ್ಲೆಟ್. ಹೆರಾಲ್ಡ್ ಜೆಂಕಿನ್ಸ್ ಸಂಪಾದಿಸಿದ 1982ರದ್ದು ಎರಡನೇ ಮಾಲೆ. ಅದು ಪಾಠಗಳನ್ನು ಕೂಡಿಸಿದ ಆವೃತ್ತಿ, ‘ಸಲ್ಲೀಡ್’ ಎಂದೇ ಓದುತ್ತದೆ, ಪುಟದ ಅಡಿಯಲ್ಲಿ ಹಿಡಿಸದ ಟಿಪ್ಪಣಿಗಳನ್ನು ಹಿಂದೆ ದೀರ್ಘ ಟಿಪ್ಪಣಿಗಳೆಂದು ಕೊಡುತ್ತದೆ. ಆನ್ ಥಾಂಪ್ಸನ್ ಮತ್ತು ನೀಲ್ ಟೇಲರ್ ಅವರ ಮೂರನೇ ಮಾಲೆ 2006ರಲ್ಲಿ ಬಂತು, 2016ರಲ್ಲಿ ಪರಿಷ್ಕಾರವಾಯಿತು. ಇದು ಎರಡನೇ ಕ್ವಾರ್ಟೊವನ್ನಷ್ಟೇ ಮುಖ್ಯ ಪಾಠವಾಗಿ ಇಟ್ಟು, ಫೋಲಿಯೊದ ಹೆಚ್ಚುವರಿ ಭಾಗವನ್ನು ಅನುಬಂಧಕ್ಕೆ ಕಳಿಸಿತು. ಮೊದಲ ಕ್ವಾರ್ಟೊ ಮತ್ತು ಫೋಲಿಯೊಗಳಿಗೆ ಪ್ರತ್ಯೇಕ ಸಂಪುಟವನ್ನೇ ತಂದಿತು. ಹಾಗಾಗಿ ಗೈಡು ಓದಿ ‘ಡೆನ್ಮಾರ್ಕ್ ಒಂದು ಜೈಲು’ ಎಂಬ ಪ್ರತಿಮೆಯನ್ನು ಹೊಸ ಆರ್ಡನ್ನಿನ ಎರಡನೇ ಅಂಕದಲ್ಲಿ ಹುಡುಕಿದರೆ ಸಿಗುವುದಿಲ್ಲ, ಕೊನೆಗೆ ಹೋಗಬೇಕು. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಮೇಲುಹೊದಿಕೆ ನೋಡಬೇಡಿ, ಒಳಪುಟದಲ್ಲಿ ಸಂಪಾದಕರ ಹೆಸರು ನೋಡಿ. ನನ್ನ ಕೇಳಿದರೆ ಜೆಂಕಿನ್ಸ್ ಟಿಪ್ಪಣಿಗಳನ್ನು ಇವತ್ತಿಗೂ ಯಾರೂ ಮೀರಿಸಿಲ್ಲ. ಆದರೆ ಬಿ.ಎ. ಮಕ್ಕಳಿಗೆ ಅದು ಭಾರ. ಒಂದು ಸಾಲು ನಾಟಕ, ಅರ್ಧ ಪುಟ ಚರ್ಚೆ ಎಂಬಂತಿರುವಾಗ ದೃಶ್ಯದ ಓಟವೇ ಕೈತಪ್ಪುತ್ತದೆ.

ಜಿ. ಆರ್. ಹಿಬರ್ಡ್ ಅವರ ಆಕ್ಸ್‌ಫರ್ಡ್ ಆವೃತ್ತಿ 1987ರದ್ದು. ಫೋಲಿಯೊವೇ ನಾಟಕಕಾರ ಸ್ವತಃ ಪರಿಷ್ಕರಿಸಿದ ರೂಪ ಎಂಬ ನಿಲುವು ಅದರದ್ದು. ರಂಗದ ದೃಷ್ಟಿಯಿಂದ ಓದುವವರಿಗೆ ಇದು ಚೆನ್ನಾಗಿದೆ. ನೀನಾಸಂ ಮಾದರಿಯ ರಂಗಶಿಬಿರಕ್ಕೆ ಒಂದು ಪ್ರತಿ ಬೇಕೆಂದರೆ ಇದನ್ನೇ ಹೇಳುತ್ತೇನೆ. ಫಿಲಿಪ್ ಎಡ್ವರ್ಡ್ಸ್ ಅವರ 1985ರ ನ್ಯೂ ಕೇಂಬ್ರಿಜ್ ಮಧ್ಯಮ ದಾರಿ ಹಿಡಿದಿದೆ, ಕ್ವಾರ್ಟೊದಲ್ಲಿ ಮಾತ್ರ ಇರುವ ಸಾಲುಗಳನ್ನು ಚೌಕ ಆವರಣದಲ್ಲಿಟ್ಟು ಮುಖ್ಯ ಪಾಠದಲ್ಲೇ ಉಳಿಸಿಕೊಂಡಿದೆ. ರಾಬರ್ಟ್ ಮಿಯೋಲಾ ಸಂಪಾದಿಸಿದ 2011ರ ನಾರ್ಟನ್‌ನಲ್ಲಿ ಪದಗಳ ಅರ್ಥ ಕಡಿಮೆ, ವಿಮರ್ಶೆಯ ಲೇಖನ ಹೆಚ್ಚು. ಎಂ.ಎ., ನೆಟ್ ಓದುವವರಿಗೆ ಅದು ಎರಡನೇ ಪುಸ್ತಕವಾಗಿ ಸರಿ, ಮೊದಲನೆಯದಾಗಿ ಅಲ್ಲ. ಪೆಂಗ್ವಿನ್‌ನಲ್ಲಿ ಟಿಪ್ಪಣಿ ಹಿಂದೆ ಇರುವುದರಿಂದ ಬೆರಳು ಸದಾ ಎರಡು ಕಡೆ ಸಿಕ್ಕಿಕೊಂಡಿರಬೇಕು.

ಎ. ಡಬ್ಲ್ಯು. ವೆರಿಟಿ ಅವರ ಹಳೆಯ ಆವೃತ್ತಿ ನಮ್ಮ ಕಾಲೇಜು ಗ್ರಂಥಾಲಯಗಳ ಕಪಾಟಿನಲ್ಲಿ ಇನ್ನೂ ಸಿಗಬಹುದು. ಸಿಕ್ಕರೆ ಬಿಡಬೇಡಿ. ವ್ಯಾಕರಣ, ಪದಮೂಲ, ವಾಕ್ಯ ಬಿಡಿಸಿ ಹೇಳುವ ಶಿಸ್ತು ಅದರಲ್ಲಿರುವಂತೆ ಹೊಸ ಗೈಡುಗಳಲ್ಲಿಲ್ಲ. ಪಾಠದ ಚರ್ಚೆ ಮಾತ್ರ ನೂರು ವರ್ಷಕ್ಕೂ ಹಳೆಯದು, ಅದನ್ನು ಅಲ್ಲೇ ಬಿಡಿ.

ಸಾಲಿನ ಸಂಖ್ಯೆಯ ಗೊಂದಲ ಇನ್ನೊಂದು. ‘ಟು ಬಿ ಆರ್ ನಾಟ್ ಟು ಬಿ’ ಮೂರನೇ ಅಂಕದ ಮೊದಲ ದೃಶ್ಯದಲ್ಲಿ ಫೋಲ್ಜರ್ ಪ್ರಕಾರ 64ನೇ ಸಾಲು. 1864ರ ಗ್ಲೋಬ್ ಆವೃತ್ತಿಯ ಲೆಕ್ಕ ಅನುಸರಿಸುವ ಪುಸ್ತಕಗಳಲ್ಲಿ 56. ಗದ್ಯದ ಭಾಗಗಳಲ್ಲಿ ಈ ಅಂತರ ಇನ್ನೂ ಬೆಳೆಯುತ್ತದೆ. ಪದ್ಯದ ಸಾಲನ್ನು ಕವಿಯೇ ಮುರಿದಿರುತ್ತಾನೆ, ಗದ್ಯದ ಸಾಲು ಕಾಗದದ ಅಗಲಕ್ಕೆ ತಕ್ಕಂತೆ ಮುರಿಯುತ್ತದೆ. ಹ್ಯಾಮ್ಲೆಟ್‌ನಲ್ಲಿ ಗದ್ಯ ಬಹಳ. ಎರಡನೇ ಅಂಕದ ಎರಡನೇ ದೃಶ್ಯ, ಸ್ಮಶಾನದ ದೃಶ್ಯ, ಆಸ್ಥಾನಿಕ ಓಸ್ರಿಕ್ ಬರುವ ಭಾಗ, ಇವುಗಳಲ್ಲಿ ಬಹುಪಾಲು ಗದ್ಯವೇ. ಹಾಗಾಗಿ ಗೈಡಿನಿಂದ ಸಂಖ್ಯೆ ನಕಲು ಮಾಡಿ ಬರೆದರೆ ಕಾಲೇಜಿನ ಪ್ರತಿಗೆ ತಾಳೆಯಾಗುವುದಿಲ್ಲ. ಪರೀಕ್ಷೆಯಲ್ಲಿ ಅಂಕ, ದೃಶ್ಯ, ಯಾರು ಯಾರಿಗೆ ಹೇಳಿದ್ದು, ಇಷ್ಟು ಬರೆದರೆ ಸಾಕು. ಕಿರುಪ್ರಬಂಧವಾದರೆ ಮೊದಲ ಉಲ್ಲೇಖದಲ್ಲೇ ಆವೃತ್ತಿಯ ಹೆಸರು ಹೇಳಿ, ಆಮೇಲೆ ಅದರ ಸಂಖ್ಯೆಯನ್ನೇ ಕೊನೆವರೆಗೆ ಬಳಸಿ.

ಅಂಕ ವಿಭಜನೆಯನ್ನೂ ಅತಿಯಾಗಿ ನಂಬಬೇಡಿ. ಫೋಲಿಯೊದಲ್ಲಿ ಅಂಕ-ದೃಶ್ಯಗಳ ಗುರುತು ಎರಡನೇ ಅಂಕದ ಎರಡನೇ ದೃಶ್ಯಕ್ಕೇ ನಿಂತುಹೋಗಿದೆ. ಮೂರನೇ ಅಂಕ ಮುಗಿದು ನಾಲ್ಕನೆಯದು ಶುರುವಾಗುವ ಈಗಿನ ಜಾಗ 1676ರ ಕ್ವಾರ್ಟೊದಿಂದ ಬಂದದ್ದು. ಫೋಲಿಯೊದಲ್ಲಿ ಆ ಹೊತ್ತಿಗೆ ಹ್ಯಾಮ್ಲೆಟ್‌ನ ತಾಯಿ ರಾಣಿ ಗರ್ಟ್ರೂಡ್ ರಂಗ ಬಿಟ್ಟೇ ಇಲ್ಲ, ರಾಜ ಅಲ್ಲಿಗೇ ಬರುತ್ತಾನೆ. ‘ನಾಲ್ಕನೇ ಅಂಕದಲ್ಲಿ ಹೊಸ ತಿರುವು’ ಎಂದು ಗೈಡು ವಾದ ಕಟ್ಟಿದ್ದರೆ ಆ ಗೋಡೆ ಕಟ್ಟಿದವನು ಶೇಕ್ಸ್‌ಪಿಯರ್ ಅಲ್ಲ.

ಗೈಡುಗಳ ವಿಷಯ. ಗೈಡು ಬೇಡವೇ ಬೇಡ ಎನ್ನುವ ಮೇಷ್ಟ್ರುಗಳ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಮನೆಯಲ್ಲಿ ಇಂಗ್ಲಿಷ್ ಇಲ್ಲದ ಹುಡುಗಿಗೆ ದೃಶ್ಯದ ಸಾರಾಂಶ ಊರುಗೋಲು. ಯಾರು ಎಲ್ಲಿಂದ ಬಂದರು, ಯಾರಿಗೆ ಯಾವ ವಿಷಯ ಗೊತ್ತು ಎಂಬುದನ್ನು ಅದು ಚುಟುಕಾಗಿ ಹೇಳುತ್ತದೆ. ಕೆಡುವುದು ಅದರ ‘ಪಾತ್ರ ವಿಮರ್ಶೆ’ ಭಾಗದಲ್ಲಿ. ಉದಾಹರಣೆಗೆ ವಯಸ್ಸು. ಹ್ಯಾಮ್ಲೆಟ್‌ಗೆ ಮೂವತ್ತು ಎಂದು ಗೈಡು ಒಂದೇ ಮಾತಿನಲ್ಲಿ ಹೇಳಿಬಿಡುತ್ತದೆ. ಅದು ಬಂದದ್ದು ಐದನೇ ಅಂಕದ ಗುಂಡಿ ತೋಡುವವನ ಮಾತಿನಿಂದ: ಹ್ಯಾಮ್ಲೆಟ್ ಹುಟ್ಟಿದ ದಿನವೇ ಈ ಕೆಲಸಕ್ಕೆ ಸೇರಿದೆ, ಈಗ ಮೂವತ್ತು ವರ್ಷ. ಆಸ್ಥಾನದ ವಿದೂಷಕ ಯೋರಿಕ್‌ನ ಬುರುಡೆ ಮಣ್ಣಿಗೆ ಬಿದ್ದು ಇಪ್ಪತ್ಮೂರು ವರ್ಷ. ಆದರೆ ಮೊದಲ ಕ್ವಾರ್ಟೊದಲ್ಲಿ ಬುರುಡೆಗೆ ಹನ್ನೆರಡೇ ವರ್ಷ, ಮೂವತ್ತರ ಮಾತೇ ಇಲ್ಲ. ಅಲ್ಲಿನ ಹ್ಯಾಮ್ಲೆಟ್ ವಿಟನ್‌ಬರ್ಗ್‌ನಲ್ಲಿ ಓದುವ ಎಳೆಯ ಹುಡುಗನೇ ಸರಿ. ಇಷ್ಟು ಎರಡು ವಾಕ್ಯದಲ್ಲಿ ಬರೆದರೂ ಉತ್ತರಕ್ಕೆ ತೂಕ ಬರುತ್ತದೆ.

ರಾಣಿಗೆ ಗಂಡನ, ಅಂದರೆ ಹ್ಯಾಮ್ಲೆಟ್‌ನ ತಂದೆಯ, ಕೊಲೆಯ ವಿಷಯ ಗೊತ್ತಿತ್ತೇ ಎಂಬುದೂ ಹೀಗೇ. ಮೊದಲ ಕ್ವಾರ್ಟೊದಲ್ಲಿ ಆಕೆ ತನಗೆ ಗೊತ್ತಿರಲಿಲ್ಲವೆಂದು ಆಣೆ ಮಾಡಿ, ಮಗನ ಸೇಡಿಗೆ ಸಹಾಯ ಮಾಡುತ್ತೇನೆ ಎನ್ನುತ್ತಾಳೆ. ಉಳಿದ ಎರಡು ಪಾಠಗಳಲ್ಲಿ ಅಷ್ಟು ನೇರ ಮಾತಿಲ್ಲ, ಅಲ್ಲಿ ಆಕೆಯ ಮೌನವೇ ದೊಡ್ಡ ಪ್ರಶ್ನೆ. ಕಾಲೇಜಿನ ಪಠ್ಯ ಎರಡನೇ ಕ್ವಾರ್ಟೊ ಆಗಿದ್ದಾಗ ‘ರಾಣಿ ನಿರಪರಾಧಿ ಎಂದು ಸ್ವತಃ ಹೇಳುತ್ತಾಳೆ’ ಎಂದು ಬರೆದರೆ ಅದು ಬೇರೆ ನಾಟಕದ ಸಾಕ್ಷಿ.

ಮೂರನೇ ಅಂಕದಲ್ಲಿ ತಾಯಿ-ಮಗ ಎದುರಾಗುವ ದೃಶ್ಯವನ್ನು ಗೈಡುಗಳು ಮಲಗುವ ಮನೆಯಲ್ಲಿ ಇಡುತ್ತವೆ, ಹಾಸಿಗೆಯನ್ನೂ ಹಾಕುತ್ತವೆ. ನಾಟಕ ಹೇಳುವುದು ‘ಕ್ಲಾಸೆಟ್’, ಅಂದರೆ ರಾಣಿಯ ಖಾಸಗಿ ಕೋಣೆ. ಹಾಸಿಗೆ ಬಂದದ್ದು ಇಪ್ಪತ್ತನೇ ಶತಮಾನದ ರಂಗದಿಂದ, ಸಿನಿಮಾದಿಂದ. ಫ್ರಾಯ್ಡ್ 1900ರಲ್ಲಿ ಹೇಳಿದ್ದನ್ನು ಅರ್ನೆಸ್ಟ್ ಜೋನ್ಸ್ 1949ರ ಪುಸ್ತಕದಲ್ಲಿ ಬೆಳೆಸಿದ ಮಾತೃಮೋಹದ ವಾದ ಅದರ ಹಿಂದಿದೆ. ವಾದವನ್ನು ವಾದವೆಂದೇ ಬರೆಯಿರಿ, ಕಥೆಯ ಭಾಗವೆಂದು ಬರೆಯಬೇಡಿ. ಹ್ಯಾಮ್ಲೆಟ್ ಯಾಕೆ ತಡಮಾಡುತ್ತಾನೆ ಎಂಬ ಪ್ರಶ್ನೆಗೂ ಇದು ಸಲ್ಲುತ್ತದೆ. ಗೈಡಿನ ಉತ್ತರ ಬಹುಮಟ್ಟಿಗೆ ವಿಮರ್ಶಕ ಬ್ರಾಡ್ಲಿ 1904ರಲ್ಲಿ ಹೇಳಿದ್ದು, ವಿಷಣ್ಣತೆಯೇ ಕಾರಣವೆಂಬುದು. ಎಷ್ಟೋ ಗೈಡುಗಳು ಬ್ರಾಡ್ಲಿಯ ಹೆಸರನ್ನೇ ಬಿಟ್ಟು ಅದನ್ನು ಸರ್ವಸಮ್ಮತ ಸತ್ಯವಾಗಿಸಿವೆ. ಹೆಸರು ಸೇರಿಸಿ, ಪಕ್ಕದಲ್ಲಿ ಎಲಿಯಟ್ 1919ರಲ್ಲಿ ಈ ನಾಟಕವನ್ನೇ ಕಲೆಯಾಗಿ ಸೋತದ್ದು ಎಂದಿದ್ದನ್ನು ಇಡಿ. ಒಫೀಲಿಯಾಳ ಬಗ್ಗೆ ಎಲೇನ್ ಶೋವಾಲ್ಟರ್ ಅವರ 1985ರ ಲೇಖನ ಗೈಡುಗಳಲ್ಲಿ ಸಿಗುವುದು ಅಪರೂಪ. ಸಿಕ್ಕಿದರೆ ಆ ಗೈಡನ್ನು ಕೊಳ್ಳಬಹುದು.

ಓದುವ ಕ್ರಮವೂ ಮುಖ್ಯ. ಗೈಡಿನಿಂದ ಒಂದು ದೃಶ್ಯದ ಸಾರಾಂಶ ಮಾತ್ರ ಓದಿ, ಮುಚ್ಚಿಡಿ. ಆ ದೃಶ್ಯವನ್ನು ಟಿಪ್ಪಣಿ ನೋಡದೆ ಗಟ್ಟಿಯಾಗಿ ಓದಿ. ಎರಡನೇ ಸಲ ಟಿಪ್ಪಣಿಯೊಂದಿಗೆ ನಿಧಾನವಾಗಿ. ಪಾತ್ರ ವಿಮರ್ಶೆ, ವಸ್ತು, ಪ್ರತಿಮೆ ಇವನ್ನೆಲ್ಲ ಐದೂ ಅಂಕ ಮುಗಿಯುವವರೆಗೆ ಮುಟ್ಟಬೇಡಿ. ಪಕ್ಕದಲ್ಲಿ ಸರಳ ಇಂಗ್ಲಿಷ್ ಕೊಡುವ ಪುಸ್ತಕಗಳಲ್ಲಿ ಕಣ್ಣು ತಾನಾಗಿಯೇ ಸುಲಭದ ಕಡೆ ಜಾರುತ್ತದೆ, ಮೂಲ ಓದಿದೆ ಎಂಬ ಭ್ರಮೆಯಷ್ಟೇ ಉಳಿಯುತ್ತದೆ. ಅಂಥದ್ದು ಬಳಸುವುದಾದರೆ ಆ ಬದಿಯನ್ನು ರಟ್ಟಿನಿಂದ ಮುಚ್ಚಿಕೊಳ್ಳಿ. ಗೊತ್ತಿರುವ ಪದಗಳೇ ಹೆಚ್ಚು ಮೋಸ ಮಾಡುತ್ತವೆ. ದೆವ್ವದ ಹಿಂದೆ ಹೊರಟ ಹ್ಯಾಮ್ಲೆಟ್ ತನ್ನನ್ನು ‘ಲೆಟ್’ ಮಾಡುವವರನ್ನು ಕೊಲ್ಲುತ್ತೇನೆ ಎಂದಾಗ ಅದು ಬಿಡುವವರನ್ನಲ್ಲ, ತಡೆಯುವವರನ್ನು. ಕೊನೆಯ ದೃಶ್ಯದಲ್ಲಿ ರಾಜ ಬಟ್ಟಲಿಗೆ ಹಾಕುತ್ತೇನೆ ಎನ್ನುವ ‘ಯೂನಿಯನ್’ ಒಂದು ಮುತ್ತು. ಇಂಥವಕ್ಕೆ 1911ರ ಅನಿಯನ್ಸ್ ಪದಕೋಶವೋ, 2002ರ ಕ್ರಿಸ್ಟಲ್ ಪದಕೋಶವೋ ಸಾಕು.

ದುಡ್ಡು ಕೊಡದೆ ಸಿಗುವುದೂ ಇದೆ. ಫೋಲ್ಜರ್ ಗ್ರಂಥಾಲಯ ತನ್ನ ಪಾಠವನ್ನು ಲಾಭದ ಉದ್ದೇಶವಿಲ್ಲದ ಬಳಕೆಗೆ ಜಾಲತಾಣದಲ್ಲಿ ಬಿಟ್ಟಿದೆ, ಆವರಣ ಚಿಹ್ನೆಗಳೂ ಅದರಲ್ಲಿವೆ. ಎಡಪುಟದ ಟಿಪ್ಪಣಿ ಮಾತ್ರ ಅಲ್ಲಿಲ್ಲ. ಡೌಡನ್, ವೆರಿಟಿ, ಫರ್ನೆಸ್‌ನ 1877ರ ಎರಡು ಸಂಪುಟಗಳ ವೇರಿಯೋರಂ (ಪಾಠಾಂತರ, ಟಿಪ್ಪಣಿಗಳನ್ನೆಲ್ಲ ಒಟ್ಟಿಗೆ ಕೊಡುವ ಆವೃತ್ತಿ) ಇವೆಲ್ಲ ಹಕ್ಕು ಮುಗಿದವು, ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ ಇಳಿಸಿಕೊಳ್ಳಬಹುದು. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಮಳೆಗಾಲದ ನೆಟ್‌ವರ್ಕ್ ನಂಬಿ ಕೂರಬೇಡಿ, ಪೇಟೆಗೆ ಬಂದಾಗಲೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಜೆರಾಕ್ಸ್ ಮಾಡಿಸುವಾಗ ಒಳ ಅಂಚಿನ ಸಾಲು ಸಂಖ್ಯೆ ಕತ್ತರಿಸಿ ಹೋಗದಂತೆ ಪುಸ್ತಕದ ಬೆನ್ನು ಒತ್ತಿ ಹಿಡಿಯಲು ಹೇಳಿ. ಅಂಟಿನ ಬೈಂಡಿಂಗಿನ ದಪ್ಪ ಪೇಪರ್‌ಬ್ಯಾಕ್ ನಮ್ಮ ಕರಾವಳಿಯ ತೇವಕ್ಕೆ ಬೇಗ ಬಾಯಿಬಿಡುತ್ತದೆ. ಮೂರನೇ ಅಂಕದ ಹತ್ತಿರ ಬೆನ್ನು ಸೀಳಿ ಹಾಳೆ ಗುಂಪುಗುಂಪಾಗಿ ಕಳಚುವ ಮೊದಲೇ ಬೈಂಡರ್ ಹತ್ತಿರ ಕೊಟ್ಟು ದಾರದ ಹೊಲಿಗೆ ಹಾಕಿಸಿ. ಜೂನ್ ಕಳೆದ ಮೇಲೆ ಕೊಟ್ಟರೆ ಅಂಟು ಒಣಗುವುದೂ ನಿಧಾನ, ಹಾಳೆಗೆ ಬೂಸಲು ಹಿಡಿಯುವುದೂ ಖಂಡಿತ.

ಕನ್ನಡದ ಓದು ಜೊತೆಗಿದ್ದರೆ ಒಳ್ಳೆಯದೇ. ಕುವೆಂಪು ಅವರ ‘ರಕ್ತಾಕ್ಷಿ’ ಹ್ಯಾಮ್ಲೆಟ್‌ನ ರೂಪಾಂತರ, ನಮ್ಮ ಶಿರಸಿ ಸೀಮೆಯ ತೆಂಕಣದ ಬಿದನೂರಿನಲ್ಲಿ ನಡೆಯುತ್ತದೆ. ಸೇಡು, ಅರಮನೆಯ ಒಳಸಂಚು ಇವು ಕನ್ನಡದ ನೆಲದಲ್ಲಿ ಹೇಗೆ ನಿಲ್ಲುತ್ತವೆ ಎಂದು ನೋಡಲು ಅದನ್ನು ಓದಬೇಕು. ಅದು ಅನುವಾದವಲ್ಲವಾದ್ದರಿಂದ ಇಂಗ್ಲಿಷ್ ಉತ್ತರಪತ್ರಿಕೆಗೆ ಅದರ ಘಟನೆಗಳನ್ನು ತರಬೇಡಿ. ಸಿನಿಮಾ ನೋಡಿ ಬರೆಯುವವರಿಗೂ ಇದೇ ಮಾತು. 1948ರ ಒಲಿವಿಯೆ ಚಿತ್ರದಲ್ಲಿ ರೋಸೆನ್‌ಕ್ರಾಂಟ್ಸ್, ಗಿಲ್ಡನ್‌ಸ್ಟರ್ನ್, ಫೋರ್ಟಿನ್‌ಬ್ರಾಸ್ ಮೂವರೂ ಇಲ್ಲ. 2014ರ ‘ಹೈದರ್’ ಕಾಶ್ಮೀರದ ಕಥೆ, ಅದರ ಕೊನೆಯೇ ಬೇರೆ. ಬ್ರಾನಾ ಅವರ 1996ರ ಚಿತ್ರ ಕೂಡಿಸಿದ ಪಾಠವನ್ನು ಪೂರ್ತಿ ಇಟ್ಟುಕೊಂಡಿದೆ, ಸುಮಾರು ನಾಲ್ಕು ಗಂಟೆ. ಫೋಲ್ಜರ್ ಪ್ರತಿ ತೊಡೆಯ ಮೇಲಿಟ್ಟುಕೊಂಡು ಸಾಲು ಸಾಲಾಗಿ ಹಿಂಬಾಲಿಸಲು ಬರುವುದು ಅದೊಂದೇ.